ಡಂಡೀ ನಗರದಲ್ಲಿ ಅಪ್ಪ ಅಮ್ಮನಿಗೆ ಏನೇನು ತೋರಿಸಬಹುದು? ತಿಳಿದವರ ಸಲಹೆ ಬೇಕು

ಮಲೆನಾಡಿನವಳು:

ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಅಕ್ಟೋಬರ್ ತಿಂಗಳಲ್ಲಿ ಅಪ್ಪ ಮತ್ತು ಅಮ್ಮ ಶಿವಮೊಗ್ಗದಿಂದ ಬಂದು ಕೆಲವು ದಿನ ನನ್ನ ಜೊತೆ ಇರಲಿದ್ದಾರೆ. ಅಪ್ಪ ಬಹಳ ಕಾಲ ಅಡಿಕೆ ಮಂಡಿ ನಡೆಸಿದವರು. ಈಗ ವ್ಯವಹಾರವನ್ನು ಅಣ್ಣನಿಗೆ ಒಪ್ಪಿಸಿದ್ದಾರೆ. ಅಮ್ಮನಿಗೆ ಮೊಣಕಾಲು ನೋವಿರುವುದರಿಂದ ಕಡಿದಾದ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಇಬ್ಬರೂ ಶುದ್ಧ ಸಸ್ಯಾಹಾರಿಗಳು.

ಸಹಪಾಠಿಗಳನ್ನು ಕೇಳಿದರೆ ಎಲ್ಲರೂ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಎಂಬ ವಿನ್ಯಾಸ ಕಲೆಯ ವಸ್ತುಸಂಗ್ರಹಾಲಯದ ಹೆಸರೊಂದನ್ನು ಹೇಳಿ, ಉಳಿದ ದಿನಗಳಲ್ಲಿ ಎಡಿನ್‌ಬರೋಗೋ ಸೇಂಟ್ ಆಂಡ್ರೂಸ್‌ಗೋ ಕರೆದುಕೊಂಡು ಹೋಗು ಎನ್ನುತ್ತಾರೆ. ಈ ಊರಿನಲ್ಲೇ ಉಳಿದು ನೋಡಬೇಕಾದದ್ದು ಅಷ್ಟೇ ಇದೆಯೇ? ದುಡ್ಡು ಕೊಟ್ಟು ಟಿಕೆಟ್ ಪಡೆಯಲು ಯೋಗ್ಯವಾದದ್ದು ಯಾವುದು, ಬಿಟ್ಟರೂ ನಷ್ಟವಿಲ್ಲದ್ದು ಯಾವುದು, ಮಳೆ ಹಿಡಿದರೆ ಹೊತ್ತು ಕಳೆಯುವುದು ಎಲ್ಲಿ ಎಂಬುದನ್ನು ಇಲ್ಲಿ ನೆಲೆಸಿದವರು ದಯವಿಟ್ಟು ತಿಳಿಸಿ.

ಟೇ ದಂಡೆಯವನು:

ನಿಮ್ಮ ತಂದೆಯವರು ಮಂಡಿ ನಡೆಸಿದವರು ಎಂದ ಮೇಲೆ ಗೋಣಿಚೀಲಗಳ ನಡುವೆಯೇ ಆಯುಷ್ಯ ಕಳೆದವರು. ಹಾಗಾಗಿ ನನ್ನ ಉತ್ತರ ಸುಲಭವಾಯಿತು. ಮೊದಲ ದಿನ ಬೆಳಿಗ್ಗೆ ಅವರನ್ನು ವಿ ಅಂಡ್ ಎಗೆ ಕರೆದೊಯ್ಯಬೇಡಿ, ವರ್ಡಂಟ್ ವರ್ಕ್ಸ್‌ಗೆ ಕರೆದೊಯ್ಯಿರಿ. ಅದು 1833ರಲ್ಲಿ ಕಟ್ಟಿದ ಗಿರಣಿ. 1996ರಿಂದ ಸೆಣಬಿನ ವಸ್ತುಸಂಗ್ರಹಾಲಯವಾಗಿದೆ. ಡಂಡೀಯ ಉಳಿದ ಆಕರ್ಷಣೆಗಳೆಲ್ಲ ಬಿಡಿಬಿಡಿಯಾಗಿ ಕಂಡರೂ ಬೇರು ಮಾತ್ರ ಈ ಸೆಣಬಿನಲ್ಲಿದೆ, ಮತ್ತು ಅದನ್ನು ಮೊದಲು ನೋಡಿದವರಿಗೆ ನಗರದ ಉಳಿದ ಭಾಗ ತಾನಾಗಿಯೇ ಅರ್ಥವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬಂಗಾಳದಿಂದ ಬರುತ್ತಿದ್ದ ಸೆಣಬಿನ ನಾರು ಬಿರುಸು. ಅದನ್ನು ಹಾಗೆಯೇ ಯಂತ್ರಕ್ಕೆ ಕೊಟ್ಟರೆ ತುಂಡಾಗುತ್ತಿತ್ತು. ನೀರಿನ ಜೊತೆ ತಿಮಿಂಗಿಲದ ಎಣ್ಣೆಯನ್ನು ಬೆರೆಸಿ ನಾರಿಗೆ ಊಡಿಸಿದರೆ ಅದು ಮೆದುವಾಗಿ ಯಂತ್ರದಲ್ಲಿ ನೂಲಲು ಒದಗುತ್ತದೆ ಎಂಬುದು 1830ರ ದಶಕದಲ್ಲಿ ಇಲ್ಲಿನವರ ಕೈಗೆ ಹತ್ತಿತು. ಡಂಡೀ ಮೊದಲೇ ತಿಮಿಂಗಿಲ ಬೇಟೆಯ ಬಂದರು, ನಾರಗಸೆಯ (ಲಿನನ್) ಬಟ್ಟೆ ನೇಯುವ ಕಸುಬೂ ಊರಿನಲ್ಲಿತ್ತು. ಎಣ್ಣೆ, ನೇಕಾರರು, ಹಡಗು ಮೂರೂ ಒಂದೇ ಕಡೆ ಇದ್ದುದರಿಂದ ಮುಂದಿನ ಕೆಲವು ದಶಕಗಳಲ್ಲಿ ಜಗತ್ತಿನ ಸೆಣಬಿನ ವ್ಯಾಪಾರವೇ ಈ ಊರಿನ ಹಿಡಿತಕ್ಕೆ ಬಂತು. ಉಚ್ಛ್ರಾಯದ ಕಾಲದಲ್ಲಿ ಸುಮಾರು 50,000 ಮಂದಿ ಇಲ್ಲಿನ ಗಿರಣಿಗಳಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಏಕೆಂದರೆ ಅವರಿಗೆ ಕೊಡಬೇಕಾದ ಕೂಲಿ ಕಡಿಮೆ. ಹೆಂಡತಿ ಗಿರಣಿಗೆ, ಗಂಡ ಮನೆಯಲ್ಲಿ ಅಡುಗೆ ಮತ್ತು ಮಕ್ಕಳು ಎಂಬ ಸಂಸಾರಗಳು ಆ ಕಾಲದಲ್ಲೇ ಇಲ್ಲಿ ಸಾಮಾನ್ಯವಾಗಿದ್ದವು.

ಯಂತ್ರ ಓಡಿಸಿ ತೋರಿಸುವ ಹೊತ್ತಿಗೆ ಸರಿಯಾಗಿ ಹೋಗಿ. ಹೊಂಬಣ್ಣದ ನಾರಿನ ರಾಶಿ ಮೊದಲ ಯಂತ್ರದ ಹಲ್ಲುಗಳಿಗೆ ಸಿಕ್ಕಿ, ಅಂಗೈ ಅಗಲದ ಮೆತ್ತನೆಯ ಪಟ್ಟಿಯಾಗಿ ಹೊರಬೀಳುತ್ತದೆ; ಮುಂದಿನ ಯಂತ್ರ ಅದನ್ನು ಎಳೆದು ಸಣ್ಣದಾಗಿಸುತ್ತದೆ, ಅದರ ಮುಂದಿನದು ಇನ್ನೂ ಸಣ್ಣದಾಗಿಸುತ್ತದೆ, ಕೊನೆಗೆ ಹುರಿ ಹಿಡಿದ ನೂಲು ಕದಿರಿಗೆ ಸುತ್ತಿಕೊಳ್ಳುತ್ತದೆ. ಮಗ್ಗದ ಸದ್ದನ್ನು ಅಲ್ಲಿ ಒಂದು ನಿಮಿಷ ಕೇಳಿಸಿಕೊಂಡರೆ ಸಾಕು, ಗಿರಣಿಯ ಹೆಂಗಸರು ಕಿವುಡಾಗುತ್ತಿದ್ದುದೂ, ಕೈಸನ್ನೆ ಮತ್ತು ತುಟಿಯ ಚಲನೆಯಲ್ಲೇ ದಿನವಿಡೀ ಮಾತನಾಡಿಕೊಳ್ಳುತ್ತಿದ್ದುದೂ ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

1855ರಲ್ಲಿ ಹೂಗ್ಲಿ ನದಿಯ ದಡದ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಬೆಳೆ ಅಲ್ಲೇ, ಕೂಲಿಯೂ ಅಗ್ಗ. ಯಂತ್ರಗಳೂ ಮೇಲ್ವಿಚಾರಕರೂ ಡಂಡೀಯಿಂದಲೇ ಹೋದರು. ತಾನೇ ಕಲಿಸಿ ಕಳಿಸಿದವರ ಎದುರು ಈ ಊರು ಪೈಪೋಟಿಯಲ್ಲಿ ಸೋತಿತು. ಇಲ್ಲಿನ ಕೊನೆಯ ನೂಲಿನ ಗಿರಣಿ ಬಾಗಿಲು ಹಾಕಿದ್ದು 1990ರ ದಶಕದ ಕೊನೆಯಲ್ಲಿ.

ಕಾರವಾರದ ಕಡಲಿಗ:

ಟೇ ದಂಡೆಯವರು ತಿಮಿಂಗಿಲದ ಎಣ್ಣೆಯ ಮಾತು ತೆಗೆದದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಹೇಳಬೇಕೆಂದಿರುವ ಆರ್‌ಆರ್‌ಎಸ್ ಡಿಸ್ಕವರಿ ಹಡಗೂ ಅದೇ ಎಣ್ಣೆಯ ಋಣದಲ್ಲಿ ಹುಟ್ಟಿದ್ದು. ನಾನು ಹಡಗುಗಳ ಎಂಜಿನ್ ಕೋಣೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಮಗಳ ಮನೆ ಡಂಡೀಯಲ್ಲಿರುವುದರಿಂದ ಆಗಾಗ ಅಲ್ಲಿಗೆ ಬರುತ್ತೇನೆ.

ದಕ್ಷಿಣ ಧ್ರುವ ಪ್ರದೇಶದ ಸಂಶೋಧನೆಗೆಂದೇ ಒಂದು ಹಡಗು ಬೇಕೆಂದಾಗ ಅದನ್ನು ಡಂಡೀಯಲ್ಲಿ ಕಟ್ಟಿಸಲು ಕಾರಣ, ಮಂಜುಗಡ್ಡೆಯ ನಡುವೆ ನುಗ್ಗುವ ಮರದ ತಿಮಿಂಗಿಲ ಹಡಗುಗಳನ್ನು ಕಟ್ಟಿ ಪಳಗಿದ ಕೈಗಳು ಅಲ್ಲಿದ್ದವು ಎಂಬುದೇ. 1901ರ ಮಾರ್ಚ್ 21ರಂದು ಅದು ನೀರಿಗಿಳಿಯಿತು. ಕ್ಯಾಪ್ಟನ್ ಸ್ಕಾಟ್ ಅವರ ನಾಯಕತ್ವದಲ್ಲಿ ಹೊರಟ ತಂಡದಲ್ಲಿ, ಮುಂದೆ ಧ್ರುವಯಾತ್ರಿಯೆಂದು ಹೆಸರಾದ ಶ್ಯಾಕಲ್ಟನ್ ಕೂಡ ಇದ್ದರು. ಹಡಗು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡು ಎರಡು ಚಳಿಗಾಲಗಳನ್ನು ಅಲ್ಲಿಯೇ ಕಳೆದು 1904ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಬಿಡಿಸಲು ಹೋದ ಎರಡು ಹಡಗುಗಳಲ್ಲಿ ಒಂದಾದ ಟೆರ್ರಾ ನೋವಾ ಕೂಡ ಡಂಡೀಯದೇ. ಬಹಳ ಕಾಲ ಲಂಡನ್ನಿನಲ್ಲಿದ್ದ ಡಿಸ್ಕವರಿ 1986ರಲ್ಲಿ ತವರಿಗೆ ಮರಳಿತು.

ನಾವಿಕನ ಕಣ್ಣಿಗೆ ಇಷ್ಟವಾಗುವ ಸಂಗತಿಗಳು ಬೇರೆ. ಈ ಹಡಗಿನ ಪಕ್ಕಗಳಲ್ಲಿ ಕಿಟಕಿಗಳೇ ಇಲ್ಲ. ತೂತು ಕೊರೆದರೆ ಹಿಮದ ಒತ್ತಡಕ್ಕೆ ಮರದ ಗೋಡೆ ಸಡಿಲವಾದೀತೆಂಬ ಎಚ್ಚರ. ಬೆಳಕು ಮತ್ತು ಗಾಳಿಗೆಂದು ಮೇಲಟ್ಟದ ಮೇಲೆ ಅಣಬೆಯಾಕಾರದ ಹಿತ್ತಾಳೆಯ ಕಿಂಡಿಗಳನ್ನಿಟ್ಟಿದ್ದಾರೆ, ಕತ್ತಲಲ್ಲಿ ನಡೆಯುವವರ ಕಾಲ್ಬೆರಳು ಅವಕ್ಕೆ ಎಡವದೆ ಇರುತ್ತಿರಲಿಲ್ಲ. ಪ್ರೊಪೆಲರ್ ಮತ್ತು ಚುಕ್ಕಾಣಿ ಹಿಮಕ್ಕೆ ಸಿಕ್ಕಿ ಮುರಿಯದಂತೆ ಎರಡನ್ನೂ ಹಿಂಭಾಗದಿಂದ ಮೇಲಕ್ಕೆ ಎತ್ತಿಕೊಳ್ಳುವ ವ್ಯವಸ್ಥೆ ಇದೆ. ಅಧಿಕಾರಿಗಳ ಊಟದ ಕೋಣೆಯ ಸುತ್ತಲೂ ಅವರವರ ಪುಟ್ಟ ಮಲಗುವ ಕೋಣೆಗಳ ಬಾಗಿಲುಗಳಿವೆ. ಎರಡು ಚಳಿಗಾಲ ಆ ಜಾಗದಲ್ಲಿ ಜಗಳವಾಡದೆ ಹೇಗಿದ್ದರೋ ಎಂದು ಪ್ರತಿ ಬಾರಿಯೂ ಆಶ್ಚರ್ಯವಾಗುತ್ತದೆ.

ತಾಯಿಯವರ ಮೊಣಕಾಲಿನ ವಿಷಯ: ಹಡಗಿನ ಒಳಕ್ಕಿಳಿಯುವ ಮೆಟ್ಟಿಲುಗಳು ಕಡಿದು ಮತ್ತು ಇಕ್ಕಟ್ಟು. ಅವರು ದಡದ ಮೇಲಿನ ಡಿಸ್ಕವರಿ ಪಾಯಿಂಟ್ ಪ್ರದರ್ಶನವನ್ನು ನಿಧಾನವಾಗಿ ನೋಡುತ್ತಿರಲಿ, ತಂದೆಯವರನ್ನು ನೀವು ಕೆಳಗೆ ಕರೆದೊಯ್ಯಿರಿ. ವರ್ಡಂಟ್ ವರ್ಕ್ಸ್ ಮತ್ತು ಡಿಸ್ಕವರಿ ಎರಡನ್ನೂ ನಡೆಸುವುದು ಒಂದೇ ಟ್ರಸ್ಟ್. ಎರಡಕ್ಕೂ ಸೇರಿಸಿ ಟಿಕೆಟ್ ಕೊಡುತ್ತಾರೆ, ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಅಗ್ಗ.

ಇನ್ನೊಂದು ಹಡಗಿದೆ, ಎಚ್‌ಎಂಎಸ್ ಯೂನಿಕಾರ್ನ್. 1824ರಲ್ಲಿ ಚಾಟಮ್‌ನಲ್ಲಿ ನೀರಿಗಿಳಿದ 46 ತೋಪುಗಳ ಯುದ್ಧನೌಕೆ. ನೆಪೋಲಿಯನ್ ಯುದ್ಧಗಳು ಮುಗಿದಿದ್ದರಿಂದ ಅದಕ್ಕೆ ಹಾಯಿಕಂಬಗಳನ್ನೇ ನಿಲ್ಲಿಸಲಿಲ್ಲ, ಮೇಲೆ ಮಾಡು ಹೊದಿಸಿ ಕಟ್ಟಿಹಾಕಿದರು. 1873ರಿಂದ ಡಂಡೀಯಲ್ಲಿದೆ. ಯುದ್ಧ ಕಾಣದ ಯುದ್ಧನೌಕೆ ಎಂದು ಜನ ಮೂಗು ಮುರಿಯುತ್ತಾರೆ, ಆದರೆ ಹೊಡೆತ ತಿನ್ನದೆ, ಬಿಸಿಲು ಮಳೆಗೆ ಮೈಯೊಡ್ಡದೆ ಉಳಿದದ್ದರಿಂದಲೇ ಆ ಕಾಲದ ಮರಗೆಲಸ ಇಂದಿಗೂ ಮೂಲರೂಪದಲ್ಲಿ ಕಾಣಸಿಗುತ್ತದೆ. ಕೆಳಗಿನ ಅಟ್ಟಗಳಲ್ಲಿ ಬೆನ್ನು ಬಗ್ಗಿಸಿಯೇ ನಡೆಯಬೇಕು. ತಾಯಿಯವರಿಗೆ ಇದು ಬೇಡ.

ಇಬ್ಬರು ಮಕ್ಕಳ ತಂದೆ:

ಹಿರಿಯರಿಬ್ಬರ ಮಾತಿಗೂ ಗೌರವವಿದೆ, ಆದರೆ ಒಂದು ತಕರಾರು. ಪ್ರವಾಸಕ್ಕೆ ಬಂದವರಿಗೆ ಪಠ್ಯಕ್ರಮದಂತೆ ಮೊದಲ ಪಾಠ, ಎರಡನೆಯ ಪಾಠ ಎಂದು ಕ್ರಮ ಹಾಕಿಕೊಡಬೇಕೆ? ದೂರದ ಪ್ರಯಾಣ ಮಾಡಿ ಬಂದ ಹಿರಿಯರಿಗೆ ಮೊದಲ ದಿನ ಬೇಕಾಗುವುದು ಗಿರಣಿಯ ಸದ್ದಲ್ಲ. ತೆರೆದ ಗಾಳಿ, ಕೂರಲು ಬೆಂಚು, ಒಂದು ಬಿಸಿ ಕಾಫಿ. ನಾನಾಗಿದ್ದರೆ ಮೊದಲು ಬ್ರಾಟಿ ಫೆರ್ರಿಗೆ ಕರೆದೊಯ್ಯುತ್ತೇನೆ. ನಗರದ ಮಧ್ಯಭಾಗದಿಂದ ಸಿಟಿ ಬಸ್ಸು ಸಿಗುತ್ತದೆ. ಮರಳಿನ ತೀರ, ಟೇ ನದಿ ಸಮುದ್ರ ಸೇರುವ ಅಗಲವಾದ ಬಾಯಿ, ತುದಿಯಲ್ಲಿ 15ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಪುಟ್ಟ ಕೋಟೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಮೆಟ್ಟಿಲುಗಳಂತೂ ಇವೆ. ಅದೃಷ್ಟವಿದ್ದರೆ ದಡದಿಂದಲೇ ಡಾಲ್ಫಿನ್‌ಗಳು ಕಾಣುತ್ತವೆ. ಹೊಸ ವರ್ಷದ ದಿನ ಅಲ್ಲಿನ ಜನ ಆ ಕೊರೆಯುವ ನೀರಿಗೆ ಧುಮುಕುವ ಸಂಪ್ರದಾಯವೂ ಇದೆ. 1884ರಲ್ಲಿ ಹುಟ್ಟಿದ ಈಜುಗಾರರ ಸಂಘವೊಂದು ಅದನ್ನು ನಡೆಸಿಕೊಂಡು ಬಂದಿದೆ. ನಾನು ದಡದಲ್ಲಿ ನಿಂತು ನೋಡಿದ್ದೇನೆ, ಅಷ್ಟು ಸಾಕು.

ಮಕ್ಕಳೊಂದಿಗೆ ಬರುವ ಬೇರೆಯವರೂ ಈ ಚರ್ಚೆಯನ್ನು ಓದಬಹುದು ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ: ಮಳೆಯ ದಿನಕ್ಕೆ ರೈಲು ನಿಲ್ದಾಣದ ಸಮೀಪದ ಡಂಡೀ ಸೈನ್ಸ್ ಸೆಂಟರ್, ಬಿಸಿಲಿನ ದಿನಕ್ಕೆ ಕ್ಯಾಂಪರ್‌ಡೌನ್ ಉದ್ಯಾನ ಮತ್ತು ಅದರೊಳಗಿನ ಪ್ರಾಣಿಧಾಮ. ಅಲ್ಲಿನ ಕಂದು ಕರಡಿಗಳ ಮುಂದೆ ನನ್ನ ಮಕ್ಕಳು ಊಟ ಮರೆತು ನಿಲ್ಲುತ್ತಾರೆ. ಪೇಟೆಯ ಮಧ್ಯದಲ್ಲಿ ಕಾಮಿಕ್ ಪಾತ್ರವಾದ ಡೆಸ್ಪರೇಟ್ ಡ್ಯಾನ್‌ನ ಕಂಚಿನ ಪ್ರತಿಮೆ ಇದೆ; ಆ ಪಾತ್ರವನ್ನು ಸೃಷ್ಟಿಸಿದ ಪ್ರಕಾಶನ ಸಂಸ್ಥೆ ಇದೇ ಊರಿನದು.

ಎಡಿನ್‌ಬರೋ ಕನ್ನಡತಿ:

ಎಲ್ಲರೂ ವಿ ಅಂಡ್ ಎಯನ್ನು ಬದಿಗೆ ಸರಿಸುತ್ತಿರುವುದರಿಂದ ಅದರ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಹೆಸರು ಹೊತ್ತು ಆ ನಗರದ ಹೊರಗೆ ತಲೆಯೆತ್ತಿದ ಮೊದಲ ವಿ ಅಂಡ್ ಎ ಇದು. ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದರು, 2018ರ ಸೆಪ್ಟೆಂಬರ್ 15ರಂದು ಬಾಗಿಲು ತೆರೆಯಿತು. ಸುಮಾರು 2,500 ಕಾಂಕ್ರೀಟ್ ಹಲಗೆಗಳನ್ನು ಅಡ್ಡಡ್ಡಲಾಗಿ ಜೋಡಿಸಿ, ಸ್ಕಾಟ್ಲೆಂಡಿನ ಕಡಲತೀರದ ಕಡಿದಾದ ಬಂಡೆಗಳ ಪದರಗಳಂತೆ ಗೋಡೆಗಳನ್ನು ರಚಿಸಿದ್ದಾರೆ. ಮೋಡ ಸರಿದಂತೆ ಹಲಗೆಗಳ ನೆರಳು ಉದ್ದಗಿಡ್ಡವಾಗುತ್ತ ಇಡೀ ಗೋಡೆಯ ಬಣ್ಣ ಬದಲಾಗುವುದನ್ನು ನೋಡಲು ಟಿಕೆಟ್ ಬೇಕಿಲ್ಲ. ಕಟ್ಟಡದ ಹೊಟ್ಟೆಯನ್ನು ಸೀಳಿದಂತಿರುವ ದಾರಿಯೊಂದು ಪೇಟೆಯ ಕಡೆಯಿಂದ ನದಿಯ ಕಡೆಗೆ ತೆರೆದುಕೊಳ್ಳುತ್ತದೆ. 1960ರ ದಶಕದಲ್ಲಿ ರಸ್ತೆ ಸೇತುವೆಗಾಗಿ ಹಳೆಯ ಹಡಗುಕಟ್ಟೆಗಳನ್ನು ಮುಚ್ಚಿ, ರಾಣಿ ವಿಕ್ಟೋರಿಯಾ ಬಂದ ನೆನಪಿಗೆ ಕಟ್ಟಿದ್ದ ಕಮಾನನ್ನೂ ಉರುಳಿಸಿದ ಮೇಲೆ ಊರಿಗೂ ನದಿಗೂ ನಂಟು ಕಡಿದಿತ್ತು. ಆ ನಂಟನ್ನು ಮತ್ತೆ ಕೂಡಿಸುವ ಪ್ರಯತ್ನ ಇದು.

ಒಳಗೆ ತಪ್ಪದೆ ನೋಡಬೇಕಾದದ್ದು ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ವಿನ್ಯಾಸದ ಓಕ್ ರೂಮ್. ಗ್ಲಾಸ್ಗೋದ ಇಂಗ್ರಮ್ ಬೀದಿಯ ಚಹಾ ಮಂದಿರವೊಂದಕ್ಕೆ ಸುಮಾರು 1908ರಲ್ಲಿ ಮಾಡಿದ ಮರದ ಕೋಣೆ ಅದು. ಕಳಚಿ ಗೋದಾಮಿನಲ್ಲಿ ದಶಕಗಟ್ಟಲೆ ಇಟ್ಟಿದ್ದ ನೂರಾರು ತುಂಡುಗಳನ್ನು ಮತ್ತೆ ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಮಲೆನಾಡಿನ ತೊಟ್ಟಿಮನೆಯ ಕಂಬ ತೊಲೆಗಳ ನಡುವೆ ಬೆಳೆದವರಿಗೆ ಆ ಕೋಣೆಯಲ್ಲಿ ಹೇಳಿಕೊಡುವುದು ಏನೂ ಇರುವುದಿಲ್ಲ. ಶಾಶ್ವತ ಪ್ರದರ್ಶನಕ್ಕೆ ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಲಿಫ್ಟ್ ಇದೆ. ಒಪ್ಪಬೇಕಾದ ಕೊರತೆಯೆಂದರೆ, ಅಷ್ಟು ದೊಡ್ಡ ಕಟ್ಟಡದೊಳಗೆ ಶಾಶ್ವತ ಪ್ರದರ್ಶನ ಚಿಕ್ಕದು. ಇಡೀ ದಿನ ಇಟ್ಟುಕೊಂಡು ಹೋದವರು ಮಧ್ಯಾಹ್ನಕ್ಕೇ ಹೊರಬರುತ್ತಾರೆ.

ಎಡಿನ್‌ಬರೋದಿಂದ ರೈಲಿನಲ್ಲಿ ಬರುವುದಾದರೆ ಬಲಗಡೆಯ ಕಿಟಕಿಯ ಪಕ್ಕ ಕೂರಿಸಿ. ಫೋರ್ತ್ ಸೇತುವೆ ದಾಟಿದ ಮೇಲೆ ಫೈಫ್ ಪ್ರಾಂತ್ಯದ ಕಡಲತೀರ ಆ ಕಡೆಯೇ ಸಿಗುತ್ತದೆ, ಕೊನೆಗೆ ಟೇ ರೈಲು ಸೇತುವೆಯ ಮೇಲೆ ಬಂದಾಗ ನೀರಿನಲ್ಲಿ ಸಾಲಾಗಿ ನಿಂತ ಮೋಟು ಕಂಬಗಳೂ ಆ ಕಡೆಯೇ ಕಾಣುತ್ತವೆ. ಅವು 1878ರಲ್ಲಿ ತೆರೆದ ಮೊದಲ ಸೇತುವೆಯ ಅವಶೇಷಗಳು. 1879ರ ಡಿಸೆಂಬರ್ 28ರ ಬಿರುಗಾಳಿಯ ರಾತ್ರಿ ಸೇತುವೆಯ ನಡುಭಾಗ ರೈಲಿನ ಸಮೇತ ನದಿಗೆ ಬಿತ್ತು, ಒಬ್ಬರೂ ಬದುಕಲಿಲ್ಲ. ದಡದ ಸ್ಮಾರಕದಲ್ಲಿ 59 ಹೆಸರುಗಳಿವೆ. ಎಂಜಿನಿಯರ್ ಥಾಮಸ್ ಬೌಚ್ ಫೋರ್ತ್ ನದಿಗೂ ಸೇತುವೆಯ ನಕ್ಷೆ ಮಾಡಿದ್ದರು, ಅದನ್ನು ಕೈಬಿಡಲಾಯಿತು. ಬೀಳದೆ ಉಳಿದ ತೊಲೆಗಳನ್ನು 1887ರ ಹೊಸ ಸೇತುವೆಗೆ ಬಳಸಿದರು, ಮುಳುಗಿದ ಎಂಜಿನ್ನನ್ನು ಮೇಲೆತ್ತಿ ಮತ್ತೆ ಹಳಿಗೆ ಬಿಟ್ಟರು. ಸ್ಕಾಟರ ಮಿತವ್ಯಯದ ಬಗ್ಗೆ ಜನ ಸುಮ್ಮನೆ ಹಾಸ್ಯ ಮಾಡುವುದಿಲ್ಲ.

ಟೇ ದಂಡೆಯವನು:

ಇಬ್ಬರು ಮಕ್ಕಳ ತಂದೆಯವರೇ, ಬ್ರಾಟಿ ಫೆರ್ರಿಯನ್ನು ಮೊದಲು ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದು ನನ್ನ ಮಾತಿಗೇ ಬೆಂಬಲ. ಅಲ್ಲಿನ ಗುಡ್ಡದ ಬದಿಯ ಬಂಗಲೆಗಳನ್ನು ಕಟ್ಟಿಸಿದವರು ಯಾರು? ಗಿರಣಿಗಳ ಹೊಗೆಯಿಂದ ದೂರವಿರಲೆಂದು ಹೊರಟ ಸೆಣಬಿನ ಸಾಹುಕಾರರು. ಒಂದು ಕಾಲಕ್ಕೆ ಯೂರೋಪಿನಲ್ಲೇ ಅತಿ ಶ್ರೀಮಂತ ಚದರ ಮೈಲಿ ಎಂದು ಅದನ್ನು ಕರೆಯುತ್ತಿದ್ದರು. ಅದೇ ಹೊತ್ತಿಗೆ ನಗರದ ಇನ್ನೊಂದು ತುದಿಯ ಲೋಕಿಯಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಕಾರ್ಮಿಕರು ಕಿಕ್ಕಿರಿದು ತುಂಬಿದ್ದರು. ಅಲ್ಲಿನ ಕ್ಯಾಂಪರ್‌ಡೌನ್ ಗಿರಣಿಯ ಚಿಮಣಿ ಇಂದಿಗೂ ನಿಂತಿದೆ, 282 ಅಡಿ ಎತ್ತರ, ಬಣ್ಣಬಣ್ಣದ ಇಟ್ಟಿಗೆಗಳಲ್ಲಿ ಇಟಲಿಯ ಗಂಟೆಗೋಪುರದಂತೆ ಕಟ್ಟಿಸಿದ್ದು. ಚಿಮಣಿಗೂ ಶೃಂಗಾರ ಮಾಡಿಸುವಷ್ಟು ಹಣ ಆ ಉದ್ಯಮದಲ್ಲಿತ್ತು.

ಸಂಗೀತ ಕಾರ್ಯಕ್ರಮಗಳು ನಡೆಯುವ ಕೇರ್ಡ್ ಹಾಲ್ ಕೂಡ ಸೆಣಬಿನ ಉದ್ಯಮಿ ಜೇಮ್ಸ್ ಕೇರ್ಡ್ ಅವರ ಹಣದಿಂದ ಎದ್ದದ್ದು, 1923ರಲ್ಲಿ ತೆರೆಯಿತು. ಶ್ಯಾಕಲ್ಟನ್ ಅವರು 1914ರಲ್ಲಿ ಹೊರಟ ಧ್ರುವಯಾತ್ರೆಗೆ ಹಣ ಕೊಟ್ಟವರಲ್ಲಿ ಇವರು ಪ್ರಮುಖರು. ಆ ಯಾತ್ರೆಯ ಹಡಗು ಹಿಮಕ್ಕೆ ಸಿಕ್ಕಿ ಮುಳುಗಿದ ಮೇಲೆ, 1916ರಲ್ಲಿ ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾದವರೆಗೆ ಸುಮಾರು 800 ನಾಟಿಕಲ್ ಮೈಲಿ ಸಾಗಿ ಎಲ್ಲರ ಪ್ರಾಣ ಉಳಿಯಲು ಕಾರಣವಾದ ಪುಟ್ಟ ದೋಣಿಗೆ ‘ಜೇಮ್ಸ್ ಕೇರ್ಡ್’ ಎಂದು ಹೆಸರಿಟ್ಟದ್ದು ಆ ಋಣಕ್ಕಾಗಿ.

ಮಳೆ ಹಿಡಿದರೆ ಎಲ್ಲಿ ಎಂದು ಕೇಳಿದ್ದಿರಿ. ಮೆಕ್‌ಮ್ಯಾನಸ್ ಕಲಾ ಸಂಗ್ರಹಾಲಯಕ್ಕೆ ಹೋಗಿ. 1867ರ ಗಾಥಿಕ್ ಶೈಲಿಯ ಕಟ್ಟಡ, ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರ ವಿನ್ಯಾಸ, ಪ್ರವೇಶ ಉಚಿತ. ಅಲ್ಲಿ ತಲೆಯ ಮೇಲೆ ತೂಗುವ ತಿಮಿಂಗಿಲದ ಅಸ್ಥಿಪಂಜರದ ಕಥೆ ವಿಚಿತ್ರ. 1883ರ ಕೊನೆಯಲ್ಲಿ ಗೂನುಬೆನ್ನಿನ ತಿಮಿಂಗಿಲವೊಂದು ತಾನಾಗಿಯೇ ಟೇ ನದಿಯ ಬಾಯಿಗೆ ಬಂತು, ಬ್ರಿಟನ್ನಿನ ದೊಡ್ಡ ತಿಮಿಂಗಿಲ ಬೇಟೆಗಾರರು ಇದ್ದ ಬಂದರಿಗೇ. ಈಟಿ ನೆಟ್ಟಿಸಿಕೊಂಡೂ ದೋಣಿಗಳನ್ನು ಎಳೆದುಕೊಂಡು ತಪ್ಪಿಸಿಕೊಂಡು ಹೋಗಿ, ಕೆಲವು ದಿನಗಳ ಮೇಲೆ ಕಡಲಲ್ಲಿ ಸತ್ತು ತೇಲುತ್ತಿದ್ದಾಗ ಸ್ಟೋನ್‌ಹೇವನ್‌ಗೆ ಎಳೆದು ತಂದರು. ವ್ಯಾಪಾರಿಯೊಬ್ಬ ಅದನ್ನು ಕೊಂಡು, ದುಡ್ಡು ಪಡೆದು ಜನರಿಗೆ ತೋರಿಸಿದ. ಮೂಳೆಗಳು ಮಾತ್ರ ಊರಿಗೆ ಉಳಿದವು.

ನಕ್ಷತ್ರ ವೀಕ್ಷಕ:

ಅಕ್ಟೋಬರ್ ಎಂದಿರಲ್ಲ, ಅದು ಒಳ್ಳೆಯ ಆಯ್ಕೆ. ಬಾಲ್ಗೇ ಗುಡ್ಡದ ಮೇಲಿನ ಮಿಲ್ಸ್ ವೀಕ್ಷಣಾಲಯ ಜನರಿಗೆ ಆಕಾಶ ತೋರಿಸುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಸಂಜೆಗಳಲ್ಲಿ; ಬೇಸಿಗೆಯಲ್ಲಿ ಈ ಅಕ್ಷಾಂಶದಲ್ಲಿ ರಾತ್ರಿ ಹತ್ತಾದರೂ ಬೆಳಕು ಆರುವುದಿಲ್ಲ. 1935ರಲ್ಲಿ ತೆರೆದ ಇದು ಸಾರ್ವಜನಿಕರಿಗೆಂದೇ ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ವೀಕ್ಷಣಾಲಯ. ಅದರ ಗುಮ್ಮಟ ಲೋಹದ್ದಲ್ಲ, ಕಾಗದದ ತಿರುಳಿನಿಂದ ಮಾಡಿದ್ದು. ಸ್ಕಾಟ್ಲೆಂಡಿನ ಮಳೆಗೆ ಅದು ತಡೆದುಕೊಂಡಿರುವುದೇ ನನಗೆ ದೂರದರ್ಶಕಕ್ಕಿಂತ ದೊಡ್ಡ ವಿಸ್ಮಯ. ಹಣ ಕೊಟ್ಟ ಜಾನ್ ಮಿಲ್ಸ್ ನೂಲು ಮತ್ತು ಹುರಿ ತಯಾರಕರು, ಆದ್ದರಿಂದ ಟೇ ದಂಡೆಯವರ ವಾದಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು. ಹೋಗುವ ಮುನ್ನ ತೆರೆಯುವ ದಿನ ಮತ್ತು ಮೋಡದ ಮುನ್ಸೂಚನೆ ಎರಡನ್ನೂ ನೋಡಿಕೊಳ್ಳಿ.

ಮಲೆನಾಡಿನವಳು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಅಪ್ಪನಿಗೆ ಫೋನಿನಲ್ಲಿ ವರ್ಡಂಟ್ ವರ್ಕ್ಸ್ ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಚೀಲ ಹೊಲಿಯುವುದನ್ನೂ ತೋರಿಸುತ್ತಾರೆಯೇ, ಬರೀ ನೂಲು ತೆಗೆಯುವುದನ್ನೇ ತೋರಿಸುತ್ತಾರೆಯೇ ಎಂದು. ಇನ್ನೊಂದು ಸಂದೇಹ ನನ್ನದು: ಬಂಗಾಳದಲ್ಲಿ ಸೆಣಬು ಬೆಳೆದ ರೈತರ ಬಗ್ಗೆ ಅಲ್ಲಿ ಏನಾದರೂ ಹೇಳುತ್ತಾರೆಯೇ? ಮತ್ತೆ, ಲಾ ಎಂಬ ಗುಡ್ಡದ ಹೆಸರನ್ನು ಯಾರೂ ಎತ್ತಲಿಲ್ಲ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬಹುದೇ? ಊಟದ ವಿಷಯವನ್ನೂ ದಯವಿಟ್ಟು ತಿಳಿಸಿ.

ಟೇ ದಂಡೆಯವನು:

ಪ್ರದರ್ಶನದ ಮುಖ್ಯ ಭಾಗ ನಾರಿನಿಂದ ನೂಲು, ನೂಲಿನಿಂದ ಬಟ್ಟೆ ಎಂಬುದು. ಚೀಲ ಹೊಲಿಗೆಯ ಬಗ್ಗೆ ಅಲ್ಲಿನ ಮಾರ್ಗದರ್ಶಕರನ್ನು ಕೇಳಲು ತಂದೆಯವರಿಗೇ ಹೇಳಿ. ಕೆಲಸ ಬಲ್ಲವರು ಕೇಳುವ ಪ್ರಶ್ನೆಯನ್ನು ಅವರು ಬಹಳ ಇಷ್ಟಪಡುತ್ತಾರೆ. ಬಂಗಾಳದ ಕುರಿತು ಇದೆ, ಕಲ್ಕತ್ತೆಗೆ ಹೋದ ಡಂಡೀಯವರ ಕುರಿತೂ ಇದೆ. ಆದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಸೆಣಬನ್ನು ಕೊಳೆಹಾಕಿ ನಾರು ಬಿಡಿಸಿದ ರೈತನಿಗೆ ಸಿಕ್ಕಿರುವ ಜಾಗ, ಗಿರಣಿಯ ಹೆಂಗಸರಿಗೆ ಸಿಕ್ಕಿರುವಷ್ಟಿಲ್ಲ. ನನಗೆ ಅದು ಸಾಲದೆನಿಸುತ್ತದೆ.

ಲಾ ಗುಡ್ಡ 174 ಮೀಟರ್ ಎತ್ತರವಿದೆ, ಹಳೆಯ ಜ್ವಾಲಾಮುಖಿಯ ಉಳಿಕೆ. ತುದಿಯ ಹತ್ತಿರದವರೆಗೆ ಕಾರು ಹೋಗುತ್ತದೆ, ಟ್ಯಾಕ್ಸಿಯಲ್ಲಿ ತಾಯಿಯವರನ್ನು ಧಾರಾಳವಾಗಿ ಕರೆದೊಯ್ಯಬಹುದು. ಮೇಲಿರುವ ಯುದ್ಧ ಸ್ಮಾರಕದ ದೀಪವನ್ನು ವರ್ಷದ ಕೆಲವೇ ದಿನ ಹಚ್ಚುತ್ತಾರೆ; ಅವುಗಳಲ್ಲಿ ಸೆಪ್ಟೆಂಬರ್ 25 ಒಂದು, ಮೊದಲ ಮಹಾಯುದ್ಧದ 1915ರ ಲೂಸ್ ಕದನದಲ್ಲಿ ಈ ಊರಿನ ಪಡೆ ಅಪಾರ ಸಾವು ಕಂಡ ದಿನ. ಎರಡು ಸೇತುವೆಗಳು, ನದಿಯಾಚೆಯ ಫೈಫ್ ಬೆಟ್ಟಗಳು, ಒಂದೇ ಬೀದಿಯಲ್ಲಿ ಪರಸ್ಪರ ಕೂಗಳತೆಯಲ್ಲಿರುವ ಎರಡು ಎದುರಾಳಿ ಫುಟ್‌ಬಾಲ್ ಕ್ರೀಡಾಂಗಣಗಳು ಎಲ್ಲವೂ ಅಲ್ಲಿಂದ ಕಾಣುತ್ತವೆ. ಗಾಳಿ ಮಾತ್ರ ಜೋರು, ಟೊಪ್ಪಿ ಮತ್ತು ಶಾಲು ಇರಲಿ. ಕಡಲಿನಿಂದ ಹಾರ್ ಎಂಬ ದಟ್ಟ ಮಂಜು ಏರಿಬಂದ ದಿನ ಮೇಲೆ ಹೋಗಿ ಪ್ರಯೋಜನವಿಲ್ಲ.

ಎಡಿನ್‌ಬರೋ ಕನ್ನಡತಿ:

ಊಟದ ಬಗ್ಗೆ: ವಸ್ತುಸಂಗ್ರಹಾಲಯಗಳ ಕೆಫೆಗಳಲ್ಲಿ ಸಸ್ಯಾಹಾರದ ಸೂಪ್, ಬೇಯಿಸಿದ ಆಲೂಗೆಡ್ಡೆ, ಸ್ಯಾಂಡ್‌ವಿಚ್ ಸಾಮಾನ್ಯವಾಗಿ ಸಿಗುತ್ತವೆ. ಹಿರಿಯರಿಗೆ ಅವು ಒಂದು ದಿನಕ್ಕೆ ಸರಿ, ದಿನವೂ ಆಗದು. ಚಿತ್ರಾನ್ನವನ್ನೋ ಚಪಾತಿ ಪಲ್ಯವನ್ನೋ ಕಟ್ಟಿಕೊಂಡು ಹೋಗಿ ನದಿಯ ಪಕ್ಕದ ಸ್ಲೆಸ್ಸರ್ ಉದ್ಯಾನದಲ್ಲಿ ಕೂತು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಊರಿನ ಹೆಸರಿನ ಡಂಡೀ ಕೇಕ್, ಮೇಲೆ ಬಾದಾಮಿ ಜೋಡಿಸಿದ್ದು, ನೋಡಲು ಆಸೆ ಹುಟ್ಟಿಸುತ್ತದೆ. ಅದರಲ್ಲಿ ಮೊಟ್ಟೆ ಇರುತ್ತದೆ ಎಂಬುದನ್ನು ಮೊದಲೇ ತಿಳಿಸಿಬಿಡಿ. ಕಿತ್ತಳೆಯ ಮಾರ್ಮಲೇಡ್‌ಗೆ ಆ ತೊಂದರೆ ಇಲ್ಲ, ಅದೂ 18ನೆಯ ಶತಮಾನದ ಕೊನೆಯಿಂದ ಈ ಊರಿನ ಹೆಸರುವಾಸಿ ಸರಕು.

ಇಬ್ಬರು ಮಕ್ಕಳ ತಂದೆ:

ಕ್ಯಾಂಪರ್‌ಡೌನ್ ಉದ್ಯಾನವನ್ನು ಮಕ್ಕಳ ಜಾಗ ಎಂದು ಬಿಡಬೇಡಿ. ತೋಟ ಬಲ್ಲ ನಿಮ್ಮ ತಂದೆ ತಾಯಿಗೆ ಅಲ್ಲಿ ತೋರಿಸಲು ಕ್ಯಾಂಪರ್‌ಡೌನ್ ಎಲ್ಮ್ ಇದೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಎಸ್ಟೇಟಿನ ಅರಣ್ಯಪಾಲಕರೊಬ್ಬರು ನೆಲದ ಮೇಲೆ ತೆವಳುತ್ತಿದ್ದ ಎಲ್ಮ್ ಗಿಡವೊಂದನ್ನು ಕಂಡು, ಅದರ ಕೊಂಬೆಯನ್ನು ನೆಟ್ಟಗೆ ಬೆಳೆಯುವ ಎಲ್ಮ್‌ಗೆ ಕಸಿ ಕಟ್ಟಿದರು. ಕೊಂಬೆಗಳು ಕೊಡೆಯಂತೆ ಕೆಳಗಿಳಿಯುವ ಮರ ಬಂತು. ಈಗ ಜಗತ್ತಿನಲ್ಲಿ ಎಲ್ಲೆಲ್ಲಿ ಆ ಹೆಸರಿನ ಮರಗಳಿವೆಯೋ ಅವೆಲ್ಲವೂ ಆ ಒಂದೇ ಗಿಡದಿಂದ ಕಸಿಯ ಮೂಲಕ ಹರಡಿದವು. ಉದ್ಯಾನದೊಳಗೆ ದಾರಿ ಬಹುಮಟ್ಟಿಗೆ ಸಮತಟ್ಟು, ನಿಮ್ಮ ತಾಯಿಯವರಿಗೆ ತೊಂದರೆಯಾಗದು.

ಮಲೆನಾಡಿನವಳು:

ಎಲ್ಲರ ಮಾತನ್ನೂ ಕೂಡಿಸಿ ಹೀಗೆ ಯೋಚಿಸಿದ್ದೇನೆ: ಬಂದ ಮರುದಿನ ಬ್ರಾಟಿ ಫೆರ್ರಿ, ಆಮೇಲೆ ವರ್ಡಂಟ್ ವರ್ಕ್ಸ್ ಒಂದು ಬೆಳಿಗ್ಗೆ, ಡಿಸ್ಕವರಿ ಮತ್ತು ವಿ ಅಂಡ್ ಎ ಇನ್ನೊಂದು ದಿನ, ಮಳೆ ಬಂದಾಗ ಮೆಕ್‌ಮ್ಯಾನಸ್, ಆಕಾಶ ತಿಳಿಯಾದ ಸಂಜೆ ವೀಕ್ಷಣಾಲಯ. ರಸ್ತೆ ಸೇತುವೆಯ ಮೇಲೆ ನಡೆದು ಹೋಗಬಹುದು ಎಂದು ಗೆಳತಿಯೊಬ್ಬಳು ಹೇಳಿದಳು, ಅಪ್ಪನೊಂದಿಗೆ ಅದನ್ನೂ ಮಾಡಬೇಕೆಂದಿದ್ದೇನೆ.

ಕಾರವಾರದ ಕಡಲಿಗ:

ಯೋಜನೆ ಚೆನ್ನಾಗಿದೆ. ಸೇತುವೆ 1966ರದು, ಉದ್ದ ಎರಡೂಕಾಲು ಕಿಲೋಮೀಟರ್. ಕಾಲುದಾರಿ ಪಕ್ಕದಲ್ಲಿಲ್ಲ, ಎರಡು ಕಡೆಯ ವಾಹನಗಳ ನಡುವೆ ಸ್ವಲ್ಪ ಎತ್ತರದಲ್ಲಿದೆ. ಡಂಡೀ ಕಡೆಯಿಂದ ಹತ್ತಲು ಲಿಫ್ಟ್ ಇದೆ. ವಾಹನಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಗಾಳಿ ಹೆಚ್ಚಾದ ದಿನ ಕಾಲುದಾರಿಯನ್ನು ಮುಚ್ಚುವುದೂ ಉಂಟು. ತಂದೆಯವರಿಗೆ ನಡೆದು ಅಭ್ಯಾಸವಿದ್ದರೆ ಫೈಫ್ ಕಡೆಗೆ ನಡೆದು ಬಸ್ಸಿನಲ್ಲಿ ಹಿಂತಿರುಗಿ. ಹಾಗೆ ಮಾಡುವಾಗ ಸೇತುವೆ ಸ್ವಲ್ಪ ಏರು ಸಿಗುತ್ತದೆ. ಏರು ಬೇಡವೆಂದರೆ ಬಸ್ಸಿನಲ್ಲಿ ಆಚೆಗೆ ಹೋಗಿ ಊರಿನ ಕಡೆಗೆ ಇಳಿಜಾರಿನಲ್ಲಿ ನಡೆದು ಬನ್ನಿ. ವರ್ಡಂಟ್ ವರ್ಕ್ಸ್‌ನಲ್ಲಿ ಯಂತ್ರ ಓಡಿಸುವ ಸಮಯವನ್ನು ಮಾತ್ರ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಚಳಿಗಾಲ ಹತ್ತಿರವಾದಂತೆ ತೆರೆಯುವ ದಿನಗಳು ಕಡಿಮೆಯಾಗುತ್ತವೆ.